ಕಂಪ್ಯೂಟರ್ ಬಂತು, ಲೈಸೆನ್ಸ್ ಯಾರ ಹೆಸರಿಗೆ?

ಪ್ರಶ್ನೆ: ನಾನು ವಿಜಯಪುರದಲ್ಲಿ ವಿಶ್ವವಿದ್ಯಾಲಯವೊಂದರ ಅರ್ಥಶಾಸ್ತ್ರ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ಪಾಠದ ಜೊತೆಗೆ ಈಗ ಕಂಪ್ಯೂಟರ್ ಲ್ಯಾಬ್‌ನ ಚಾರ್ಜೂ ನನ್ನ ಕೊರಳಿಗೆ ಬಿದ್ದಿದೆ. ಲ್ಯಾಬ್‌ನಲ್ಲಿ 40 ಕಂಪ್ಯೂಟರ್ ಇವೆ. ಅದರಲ್ಲಿ 18 ತುಂಬಾ ಹಳೆಯವು, ವಿಂಡೋಸ್ 10 ಇದೆ. ಅಂಕಿಅಂಶ ವಿಶ್ಲೇಷಿಸುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಇದೆ, ಆದರೆ ಯಾವಾಗ ಯಾರು ಹಾಕಿದರು, ಲೈಸೆನ್ಸ್ ಎಲ್ಲಿದೆ, ಯಾರಿಗೂ ಗೊತ್ತಿಲ್ಲ. 15 ಲಕ್ಷ ರೂಪಾಯಿ ಅನುದಾನ ಬಂದಿದೆ, ಮಾರ್ಚ್ 31ರೊಳಗೆ ಖರ್ಚಾಗಬೇಕು. ಡೀಲರ್ ಒಬ್ಬರು "ಮೇಡಂ, ಎಲ್ಲಾ ಸಾಫ್ಟ್‌ವೇರ್ ನಾವೇ ಹಾಕಿ ಕೊಡ್ತೀವ್ರಿ, ಅದಕ್ಕ ಬ್ಯಾರೆ ರೊಕ್ಕ ಬ್ಯಾಡ" ಅಂದಿದ್ದಾರೆ. ಒಪ್ಪಬಹುದೇ? ಎಲ್ಲಿಂದ ಶುರು ಮಾಡಲಿ? ವಿದ್ಯಾರ್ಥಿಗಳು ಲ್ಯಾಬ್‌ನ ಸಾಫ್ಟ್‌ವೇರನ್ನು ತಮ್ಮ ಲ್ಯಾಪ್‌ಟಾಪ್‌ಗೂ ಹಾಕಿಕೊಡಿ ಅನ್ನುತ್ತಾರೆ. ಹಾಕಿಕೊಡಬಹುದೇ?

ಉತ್ತರ: ಡೀಲರ್ ಮಾತಿಗೆ ಒಪ್ಪಬೇಡಿ ಮೇಡಂ. ಉಳಿದದ್ದು ಆಮೇಲೆ.

ಪುಕ್ಕಟೆ ಹಾಕಿ ಕೊಡುವ ಸಾಫ್ಟ್‌ವೇರ್ ಎರಡೇ ನಮೂನೆ. ಒಂದು, ನಿಜವಾಗಿಯೂ ಉಚಿತವಾದದ್ದು. ಅದನ್ನು ನೀವೇ ಹಾಕಿಕೊಳ್ಳಬಹುದು. ಇನ್ನೊಂದು, ಕದ್ದದ್ದು. ಎಸ್‌ಪಿಎಸ್‌ಎಸ್‌ನಂಥದ್ದನ್ನು 40 ಕಂಪ್ಯೂಟರಿಗೆ ಯಾರೂ ಪ್ರೀತಿಯಿಂದ ದಾನ ಮಾಡುವುದಿಲ್ಲ. ಅಂಥ ಡೀಲರ್‌ಗಳ ಬಿಲ್ ನೋಡಿದರೆ ಬರೀ "ಡೆಸ್ಕ್‌ಟಾಪ್ ಕಂಪ್ಯೂಟರ್" ಅಂತ ಇರುತ್ತದೆ, ಸಾಫ್ಟ್‌ವೇರ್ ಹೆಸರೇ ಇರುವುದಿಲ್ಲ. ನಾಳೆ ವಿಚಾರಣೆ ಅಂತ ಬಂದರೆ ಹಾಕಿಕೊಟ್ಟವರ ಹೆಸರು ಯಾವ ಕಾಗದದಲ್ಲೂ ಸಿಗುವುದಿಲ್ಲ. ಬಳಸಿದ ವಿಭಾಗ ಮಾತ್ರ ಎದುರಿಗೆ ನಿಂತಿರುತ್ತದೆ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 63ಬಿ ಅಂತ ಒಂದು ಕಲಂ ಇದೆ. ಕದ್ದ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸಿಲ್ಲ ಅಂದರೆ ನ್ಯಾಯಾಲಯ ಸಜೆ ಬಿಟ್ಟು 50 ಸಾವಿರದವರೆಗಿನ ದಂಡಕ್ಕೇ ನಿಲ್ಲಿಸಬಹುದು. ಕಾಲೇಜು, ವಿಶ್ವವಿದ್ಯಾಲಯ ಅಂತ ಮಾಫಿ ಮಾತ್ರ ಇಲ್ಲ. "ಗೊತ್ತಿದ್ದೂ" ಅನ್ನುವ ಮಾತನ್ನು ಗಮನಿಸಿ. ಇಷ್ಟು ದಿನ ಗೊತ್ತಿರಲಿಲ್ಲ ಅನ್ನಬಹುದಿತ್ತು. ಪ್ರಶ್ನೆ ಬರೆದ ಮೇಲೆ ಅದೂ ಹೋಯಿತು ಅಲ್ವಾ!

ಈಗ ಶುರು ಎಲ್ಲಿಂದ? ಕೊಟೇಶನ್ ಕೇಳುವುದರಿಂದಂತೂ ಅಲ್ಲ. ಮೊದಲು ಲ್ಯಾಬ್‌ಗೆ ಹೋಗಿ 40 ಕಂಪ್ಯೂಟರನ್ನೂ ಒಂದೊಂದಾಗಿ ನೋಡಿ. ಒಂದು ಮಧ್ಯಾಹ್ನದ ಕೆಲಸ. ಇಬ್ಬರು ಎಂ.ಎ. ವಿದ್ಯಾರ್ಥಿಗಳನ್ನು ಜೊತೆಗೆ ಕೂರಿಸಿಕೊಂಡರೆ ಇನ್ನೂ ಬೇಗ. ಪ್ರತಿಯೊಂದರ ಸೀರಿಯಲ್ ನಂಬರ್, ಪ್ರೊಸೆಸರ್, ರ್‍ಯಾಮ್, ಡಿಸ್ಕ್, ಏನೇನು ಸಾಫ್ಟ್‌ವೇರ್ ಇದೆ ಅನ್ನುವುದನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸಿ.

ಇದರಲ್ಲಿ ಒಂದು ಜಾಗವನ್ನು ಕಣ್ಣಿಟ್ಟು ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಶನ್ ಅನ್ನುವ ಪುಟ ತೆಗೆಯಿರಿ. "ಡಿಜಿಟಲ್ ಲೈಸೆನ್ಸ್‌ನಿಂದ ಆ್ಯಕ್ಟಿವೇಟ್ ಆಗಿದೆ" ಅಂತ ಇಂಗ್ಲಿಷಿನಲ್ಲಿ ಇದ್ದರೆ ಸಾಮಾನ್ಯವಾಗಿ ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಅದು. ಅದರ ಬದಲು "ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆಯಿಂದ ಆ್ಯಕ್ಟಿವೇಟ್ ಆಗಿದೆ" ಅನ್ನುವ ಅರ್ಥದ ಸಾಲು ಕಂಡರೆ ಅಲ್ಲೇ ನಿಲ್ಲಿ. ಅದಕ್ಕೆ ಕೆಎಂಎಸ್ ಅನ್ನುತ್ತಾರೆ. ದೊಡ್ಡ ಸಂಸ್ಥೆಗಳು ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡು, ತಮ್ಮದೇ ಸರ್ವರ್ ಇಟ್ಟು, ಅದರಿಂದ ಎಲ್ಲ ಕಂಪ್ಯೂಟರನ್ನೂ ಆ್ಯಕ್ಟಿವೇಟ್ ಮಾಡುವ ಕ್ರಮ ಅದು. 180 ದಿನ ನಡೆಯುತ್ತದೆ, ನಡುನಡುವೆ ತಾನೇ ನವೀಕರಣ ಆಗುತ್ತದೆ. ನಿಮ್ಮ ವಿಶ್ವವಿದ್ಯಾಲಯದ ಗಣಕ ಕೇಂದ್ರಕ್ಕೆ ಫೋನ್ ಮಾಡಿ, "ನಮ್ಮಲ್ಲಿ ಅಂಥ ಒಪ್ಪಂದ ಇದೆಯಾ, ಸರ್ವರ್ ಇದೆಯಾ" ಅಂತ ಕೇಳಿ. ಇದೆ ಅಂದರೆ ಸರಿ. ಇಲ್ಲ ಅಂದರೆ ಆ ಕಂಪ್ಯೂಟರಿನಲ್ಲಿ ಯಾರೋ ಸುಳ್ಳು ಸರ್ವರ್ ನಟಿಸುವ ಕ್ರ್ಯಾಕ್ ಓಡಿಸಿದ್ದಾರೆ ಅಂತಲೇ ಅರ್ಥ. ಇಂಥ ಕ್ರ್ಯಾಕ್ ಹಾಕುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿರುತ್ತಾರೆ. ಎಷ್ಟೋ ಲ್ಯಾಬ್‌ಗಳಲ್ಲಿ ಅದನ್ನು ತಿರುಗಿ ಆನ್ ಮಾಡಿದವರೇ ಇಲ್ಲ. ವಿದ್ಯಾರ್ಥಿಗಳ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ವೈರಸ್ ಹರಡುವುದು ಇಂಥ ಕಡೆಯೇ.

ಎಸ್‌ಪಿಎಸ್‌ಎಸ್ ವಿಷಯದಲ್ಲಿ ಸ್ವಲ್ಪ ತಡೆಯಿರಿ. ಸಿಟ್ಟಿನಲ್ಲಿ ಎಲ್ಲ ಅಳಿಸಿಬಿಡಬೇಡಿ. ಹತ್ತು-ಹದಿನೈದು ವರ್ಷದ ಹಿಂದೆ ಯುಜಿಸಿ ದುಡ್ಡಿನಲ್ಲಿ ಶಾಶ್ವತ ಲೈಸೆನ್ಸ್ ಕೊಂಡು ಮರೆತ ವಿಭಾಗಗಳು ನಮ್ಮ ಕಡೆ ಇವೆ. ಹಳೆಯ ದಾಸ್ತಾನು ವಹಿ ತೆಗೆಯಿರಿ. ಹಣಕಾಸು ವಿಭಾಗದಲ್ಲಿ ಹಳೆಯ ಬಿಲ್ ಕಡತ ಕೇಳಿ. ಲೈಸೆನ್ಸ್ ಶಾಶ್ವತವಾಗಿದ್ದರೆ ಆ ಹಳೆಯ ಆವೃತ್ತಿಯನ್ನು, ಅಷ್ಟೇ ಕಂಪ್ಯೂಟರಿನಲ್ಲಿ, ಇವತ್ತಿಗೂ ಬಳಸಬಹುದು. ಕಾಗದ ಸಿಗದಿದ್ದರೆ ಮುಖ್ಯಸ್ಥರಿಗೆ ಒಂದು ಟಿಪ್ಪಣಿ ಬರೆದು, ದಿನಾಂಕ ಹಾಕಿ, ಆಮೇಲೆ ತೆಗೆಸಿ. ಟಿಪ್ಪಣಿ ಬಹಳ ಮುಖ್ಯ. ಚಾರ್ಜ್ ತೆಗೆದುಕೊಂಡ ದಿನ ಏನಿತ್ತು, ನೀವು ಏನು ಮಾಡಿದಿರಿ ಅನ್ನುವುದು ಕಾಗದದ ಮೇಲೆ ಇರಬೇಕು.

ಇನ್ನು ಈ ಉತ್ತರದಲ್ಲಿ ನಾನು ಹೇಳಲೇಬೇಕಾದ ಮಾತು. ಲೈಸೆನ್ಸ್ ಅಂದರೆ ಹೊಲದ ಉತಾರ, ಅಂದರೆ ಪಹಣಿ, ಇದ್ದ ಹಾಗೆ. ಉಳುವವರು ಯಾರೇ ಇರಲಿ, ಉತಾರದಲ್ಲಿ ಯಾರ ಹೆಸರಿದೆಯೋ ಹೊಲ ಅವರದು. ನಮ್ಮ ವಿಭಾಗಗಳಲ್ಲಿ ಏನಾಗುತ್ತದೆ? ಸಾಫ್ಟ್‌ವೇರ್ ಬರುವ ಹೊತ್ತಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವವರು ಒಬ್ಬ ಅತಿಥಿ ಉಪನ್ಯಾಸಕರೋ ಸಂಶೋಧನಾ ವಿದ್ಯಾರ್ಥಿಯೋ ಆಗಿರುತ್ತಾರೆ. "ಸರ್, ರಿಜಿಸ್ಟರ್ ಮಾಡೋಕೆ ಒಂದು ಇಮೇಲ್ ಬೇಕು" ಅಂತ ಡೀಲರ್ ಕೇಳುತ್ತಾರೆ. ಅವರು ತಮ್ಮ ಸ್ವಂತ ಜಿಮೇಲ್ ಕೊಡುತ್ತಾರೆ. ಪಾಸ್‌ವರ್ಡ್, ಓಟಿಪಿ ಎಲ್ಲ ಅವರ ಮೊಬೈಲಿಗೆ. ಮುಂದಿನ ವರ್ಷ ಅವರು ಬೇರೆ ಊರಲ್ಲಿ. ನವೀಕರಣದ ಪತ್ರ ಅವರ ಇನ್‌ಬಾಕ್ಸ್‌ಗೆ ಬಂದು ಬೀಳುತ್ತಿರುತ್ತದೆ. ಇಲ್ಲಿ ಪರೀಕ್ಷೆಯ ದಿನ ಸಾಫ್ಟ್‌ವೇರ್ ತೆರೆಯುವುದಿಲ್ಲ. ಇದರಲ್ಲಿ ಯಾರದೂ ದುರುದ್ದೇಶ ಇಲ್ಲ. ಆದರೂ ಲಕ್ಷಾಂತರ ರೂಪಾಯಿಯ ವಸ್ತು ಕೈ ಬಿಟ್ಟು ಹೋಗುತ್ತದೆ.

ಅದಕ್ಕೇ ಖರೀದಿಗಿಂತ ಮೊದಲು ಗಣಕ ಕೇಂದ್ರಕ್ಕೆ ಪತ್ರ ಬರೆದು ವಿಭಾಗದ ಹೆಸರಲ್ಲೇ ಒಂದು ಇಮೇಲ್ ಮಾಡಿಸಿಕೊಳ್ಳಿ. ವ್ಯಕ್ತಿಯ ಹೆಸರಲ್ಲಿ ಬೇಡ, ಹುದ್ದೆಯ ಹೆಸರಲ್ಲಿ. ಅದು ವಿಶ್ವವಿದ್ಯಾಲಯದ ಡೊಮೈನ್‌ನಲ್ಲೇ ಇರಲಿ. ಪಾಸ್‌ವರ್ಡ್ ನಿಮ್ಮ ಹತ್ತಿರ ಮತ್ತು ಮುಖ್ಯಸ್ಥರ ಹತ್ತಿರ ಇರಲಿ. ಮರಳಿ ಪಡೆಯುವ ಮೊಬೈಲ್ ನಂಬರ್ ವಿಭಾಗದ್ದೇ ಆಗಿರಲಿ. ಸರಬರಾಜು ಆದೇಶದಲ್ಲೇ ಒಂದು ಸಾಲು ಸೇರಿಸಿ: ಲೈಸೆನ್ಸ್ ಪ್ರಮಾಣಪತ್ರದಲ್ಲಿ ವಿಶ್ವವಿದ್ಯಾಲಯದ ಮತ್ತು ವಿಭಾಗದ ಹೆಸರು ಇರಬೇಕು, ನೋಂದಣಿ ಈ ಇಮೇಲ್‌ಗೇ ಆಗಬೇಕು, ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಹಣ. ಡೀಲರ್ ಹೆಸರಲ್ಲಿ ಇರುವ ಲೈಸೆನ್ಸ್‌ಗೆ ಒಂದು ಪೈಸೆಯೂ ಬೇಡ. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ "ಒರಿಜಿನಲ್ ಕೀ"ಗಳೂ ಇದೇ ಜಾತಿ. ಆ ಕೀಯ 25 ಅಕ್ಷರ ಕೆಲಸ ಮಾಡಿದ ಮಾತ್ರಕ್ಕೆ ಹಕ್ಕು ನಿಮ್ಮದಾಗಲಿಲ್ಲ. ಆಡಿಟ್‌ನಲ್ಲಿ ಕೇಳುವುದು ಯಾರಿಂದ ಕೊಂಡಿರಿ, ಬಿಲ್ ಎಲ್ಲಿ ಅಂತ.

ಈಗ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಫೀಸ್ 2016, ಆಫೀಸ್ 2019ಕ್ಕೂ ಅದೇ ದಿನ. ಹಾಗಂತ ಕಂಪ್ಯೂಟರ್ ನಿಂತುಬಿಡುವುದಿಲ್ಲ. ಭದ್ರತೆಯ ತೇಪೆ ಬರುವುದು ನಿಲ್ಲುತ್ತದೆ, ಅಷ್ಟೆ. ವಿಂಡೋಸ್ 11 ಹಾಕಲು ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಕೋರ್ ಆದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ತಲೆಮಾರು ನೋಡುವುದು ಸುಲಭ. ಐ5-7400 ಅಂತ ಇದ್ದರೆ ಅಡ್ಡಗೆರೆಯ ನಂತರದ 7, ಅಂದರೆ 7ನೆಯದು. ಅದಕ್ಕೆ 11 ಹತ್ತುವುದಿಲ್ಲ. ಐ5-8400 ಆದರೆ ಹತ್ತುತ್ತದೆ. ನಿಮ್ಮ 18ರಲ್ಲಿ ಎಷ್ಟು ಈ ಗೆರೆ ದಾಟುತ್ತವೆ ಅಂತ ಮೊದಲು ನೋಡಿ. ಹಳೆಯವು ಅಂತ ನೀವು ಅಂದುಕೊಂಡದ್ದರಲ್ಲಿ ಕೆಲವು ಬರೀ ಹಾರ್ಡ್‌ಡಿಸ್ಕ್‌ನಿಂದ ನಿಧಾನ ಆಗಿರಬಹುದು. ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಹಾಕಿ ರ್‍ಯಾಮ್ 16 ಜಿಬಿ ಮಾಡಿದರೆ ಇನ್ನೂ ಮೂರು-ನಾಲ್ಕು ವರ್ಷ ಆರಾಮಾಗಿ ನಡೆಯುತ್ತವೆ.

ಗೆರೆ ದಾಟದವಕ್ಕೆ ಎರಡು ದಾರಿ. ಶಿಕ್ಷಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಹೆಚ್ಚುವರಿ ಭದ್ರತಾ ಅಪ್‌ಡೇಟನ್ನು ಕಡಿಮೆ ದರಕ್ಕೆ ಕೊಡುತ್ತದೆ. ಕಂಪ್ಯೂಟರ್ ಒಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಇದನ್ನು ವಿಭಾಗ ನೇರವಾಗಿ ಕೊಳ್ಳಲಾಗದು. ವಿಶ್ವವಿದ್ಯಾಲಯದ ಒಪ್ಪಂದದ ಮೂಲಕ ಆಗಬೇಕು. ಇನ್ನೊಂದು ದಾರಿ ವಿಂಡೋಸ್ ಬದಲು ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವುದು. ಅರ್ಥಶಾಸ್ತ್ರದ ಲ್ಯಾಬ್‌ಗೆ ಉಬುಂಟು ಏನೇನೂ ಕಡಿಮೆ ಅಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊಸ ಕಂಪ್ಯೂಟರ್ ಕೊಳ್ಳುವಾಗ ವಿಂಡೋಸ್ ವಿಷಯದಲ್ಲಿ ಒಂದು ಬಲೆ ಇದೆ. ಕಡಿಮೆ ದರ ತೋರಿಸಲು ಕೆಲವರು "ಡಾಸ್" ಕಂಪ್ಯೂಟರ್ ಕೋಟ್ ಮಾಡುತ್ತಾರೆ. ಅಂದರೆ ವಿಂಡೋಸ್ ಇಲ್ಲದ ಪೆಟ್ಟಿಗೆ. "ವಿಶ್ವವಿದ್ಯಾಲಯದ ವಾಲ್ಯೂಮ್ ಲೈಸೆನ್ಸ್ ಹಾಕಿಕೊಳ್ಳಿ ಮೇಡಂ" ಅನ್ನುತ್ತಾರೆ. ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ಬರೀ ಅಪ್‌ಗ್ರೇಡ್ ಹಕ್ಕು. ಅದರ ಕೆಳಗೆ ಕಂಪ್ಯೂಟರ್ ಜೊತೆಗೆ ಬಂದ ಮೂಲ ವಿಂಡೋಸ್ ಇರಲೇಬೇಕು. ಆದ್ದರಿಂದ ಸ್ಪೆಸಿಫಿಕೇಶನ್‌ನಲ್ಲೇ "ಕಾರ್ಖಾನೆಯಲ್ಲೇ ಅಳವಡಿಸಿದ ವಿಂಡೋಸ್ 11 ಪ್ರೊ, ಓಇಎಂ ಲೈಸೆನ್ಸ್ ಸಹಿತ" ಅಂತ ಬರೆಯಿರಿ. ಹೋಮ್ ಬೇಡ, ಅದನ್ನು ಸಂಸ್ಥೆಯ ನೆಟ್‌ವರ್ಕ್ ಡೊಮೈನ್‌ಗೆ ಸೇರಿಸಲು ಬರುವುದಿಲ್ಲ. ಓಇಎಂ ಲೈಸೆನ್ಸ್ ಆ ಕಂಪ್ಯೂಟರ್ ಜೊತೆಗೇ ಹುಟ್ಟಿ ಅದರ ಜೊತೆಗೇ ಹೋಗುತ್ತದೆ. ಹಳೆಯದರಿಂದ ಕಿತ್ತು ಹೊಸದಕ್ಕೆ ಹಾಕುವ ಹಾಗಿಲ್ಲ.

ಆಫೀಸ್‌ಗೆ ದುಡ್ಡು ಹಾಕುವ ಮೊದಲು ವಿಶ್ವವಿದ್ಯಾಲಯಕ್ಕೆ ಮೈಕ್ರೋಸಾಫ್ಟ್‌ನ ಆಫೀಸ್ 365 ಎ1 ಯೋಜನೆ ಇದೆಯಾ ಕೇಳಿ. ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಅದು ಉಚಿತ. ಬ್ರೌಸರ್‌ನಲ್ಲಿ ವರ್ಡ್, ಎಕ್ಸೆಲ್ ಓಡುತ್ತದೆ. ಅದು ಸಾಲದು ಅಂದರೆ ಉಚಿತವಾದ ಲಿಬ್ರೆ ಆಫೀಸ್ ಇದೆ. ಕನ್ನಡ ಬರೆಯಲು ನುಡಿ ಉಚಿತವಾಗಿಯೇ ಸಿಗುತ್ತದೆ. ಆ್ಯಂಟಿವೈರಸ್‌ಗೆ ಅಂತ ಬೇರೆ ಹಣ ಇಡಬೇಡಿ. ಲ್ಯಾಬ್‌ಗೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು, ಅದನ್ನು ಯಾರೂ ಆಫ್ ಮಾಡದಂತೆ ನೋಡಿಕೊಂಡರೆ.

ಈಗ ನಿಮ್ಮ ವಿಷಯದ ಸಾಫ್ಟ್‌ವೇರ್. ಎಸ್‌ಪಿಎಸ್‌ಎಸ್ ನಿಜಕ್ಕೂ ಬೇಕಾ? ಎಲ್ಲರೂ ಅದನ್ನೇ ಕೇಳುತ್ತಾರೆ, ಯಾಕೆಂದರೆ ಪಠ್ಯಕ್ರಮದಲ್ಲಿ ಅದರ ಹೆಸರು ಅಚ್ಚಾಗಿರುತ್ತದೆ. ಪಠ್ಯಕ್ರಮದಲ್ಲಿ ಒಂದು ಕಂಪನಿಯ ಹೆಸರು ಬರೆದ ದಿನವೇ ಅರ್ಧ ಖರೀದಿ ಆದೇಶ ಹೊರಟಂತೆ. ಮುಂದಿನ ಅಧ್ಯಯನ ಮಂಡಳಿ ಸಭೆಯಲ್ಲಿ ಅದನ್ನು "ಸಂಖ್ಯಾಶಾಸ್ತ್ರೀಯ ಸಾಫ್ಟ್‌ವೇರ್" ಅಂತ ತಿದ್ದಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಉಳಿಯುವುದು ಲಕ್ಷಗಟ್ಟಲೆ.

ಬದಲಿಗೆ ಏನು? ಅರ್ಥಮಾಪನ ಶಾಸ್ತ್ರಕ್ಕೆ ಗ್ರೆಟ್ಲ್ ಇದೆ. ಉಚಿತ, ಹಗುರ, ಕಾಲ ಸರಣಿಯ ಕೆಲಸಕ್ಕೆ ಬಹಳ ಚೆನ್ನ. ಎಸ್‌ಪಿಎಸ್‌ಎಸ್ ರೀತಿಯ ಮೆನು ಬೇಕು ಅನ್ನುವವರಿಗೆ ಜಾಸ್ಪ್, ಜಮೋವಿ, ಪಿಎಸ್‌ಪಿಪಿ ಇವೆ. ಪಿಎಸ್‌ಪಿಪಿ ಎಸ್‌ಪಿಎಸ್‌ಎಸ್‌ನ ಕಡತವನ್ನೇ ತೆರೆಯುತ್ತದೆ. ಪಿಎಚ್‌.ಡಿ. ಮಾಡುವವರು ಆರ್ (R) ಅನ್ನುವ ಉಚಿತ ಸಾಫ್ಟ್‌ವೇರ್ ಕಲಿಯಲಿ. ಈ ಎಲ್ಲವೂ ಉಬುಂಟುವಿನಲ್ಲೂ ಓಡುತ್ತವೆ, ಅದಕ್ಕೇ ಉಬುಂಟು ಏನೂ ಕಡಿಮೆ ಅಲ್ಲ ಅಂದದ್ದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹಲವು ಉಚಿತ ಸಾಫ್ಟ್‌ವೇರ್‌ಗಳ ಪಾಠ ಕನ್ನಡ ಧ್ವನಿಯಲ್ಲೇ ಇವೆ. ಇಂಗ್ಲಿಷ್ ಅಂದರೆ ಹಿಂಜರಿಯುವ ಮಕ್ಕಳಿಗೆ ಅದು ದೊಡ್ಡ ಆಸರೆ.

ಇಷ್ಟಾದರೂ ಎಸ್‌ಪಿಎಸ್‌ಎಸ್ಸೋ ಅದೇ ಥರದ ಸ್ಟೇಟಾನೋ ಬೇಕೇ ಬೇಕು ಅಂದರೆ 40 ಕೊಳ್ಳಬೇಡಿ. ಲೈಸೆನ್ಸ್‌ನಲ್ಲಿ ಲೆಕ್ಕ ಹಿಡಿಯುವ ಬಗೆ ಮೂರು: ಕಂಪ್ಯೂಟರ್ ಲೆಕ್ಕ, ಹೆಸರು ಕೊಟ್ಟ ಬಳಕೆದಾರರ ಲೆಕ್ಕ, ಒಂದೇ ಹೊತ್ತಿಗೆ ಎಷ್ಟು ಜನ ತೆರೆಯಬಹುದು ಅನ್ನುವ ಲೆಕ್ಕ. ಮೂರನೆಯದಕ್ಕೆ ಕಾನ್‌ಕರೆಂಟ್ ಅನ್ನುತ್ತಾರೆ. ವಿಭಾಗಕ್ಕೆ ಅದೇ ಲಾಭ. 40 ಕಂಪ್ಯೂಟರಿನಲ್ಲೂ ಹಾಕಿ, ಒಂದು ಹೊತ್ತಿಗೆ 5 ಜನ ತೆರೆಯುವಷ್ಟು ಕೊಂಡರೆ ಸಂಶೋಧಕರ ಕೆಲಸ ನಡೆದುಹೋಗುತ್ತದೆ. ತರಗತಿಯ ಪಾಠ ಉಚಿತ ಸಾಫ್ಟ್‌ವೇರ್‌ನಲ್ಲಿ ನಡೆಯಲಿ.

ಕಾನ್‌ಕರೆಂಟ್ ಲೈಸೆನ್ಸ್‌ಗೆ ಸಾಮಾನ್ಯವಾಗಿ ಒಂದು ಲೈಸೆನ್ಸ್ ಸರ್ವರ್ ಬೇಕು. ದೊಡ್ಡದೇನಲ್ಲ, ಸದಾ ಆನ್ ಇರುವ ಒಂದು ಕಂಪ್ಯೂಟರ್ ಸಾಕು. ಆದರೆ ಲೈಸೆನ್ಸ್ ಫೈಲನ್ನು ಹೆಚ್ಚಾಗಿ ಆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್‌ನ ನಂಬರಿಗೆ, ಅಂದರೆ ಮ್ಯಾಕ್ ವಿಳಾಸಕ್ಕೆ, ಕಟ್ಟಿಹಾಕಿರುತ್ತಾರೆ. ಮದರ್‌ಬೋರ್ಡ್ ಸುಟ್ಟು ಹೊಸದು ಹಾಕಿದರೆ ಆ ನಂಬರ್ ಬದಲಾಗುತ್ತದೆ, ಲೈಸೆನ್ಸ್ ಏಳುವುದಿಲ್ಲ. ಹೊಸ ನಂಬರಿಗೆ ಬದಲಿಸಿಕೊಡಲು ಕಂಪನಿ ಒಪ್ಪುತ್ತದೆ, ಆದರೆ ಕೇಳುವವರು ನೋಂದಾಯಿತ ಇಮೇಲ್‌ನಿಂದಲೇ ಕೇಳಬೇಕು. ಉತಾರದ ಮಾತು ಅಲ್ಲಿಗೇ ಬಂತು ನೋಡಿ.

ಇಲ್ಲೇ ಬಾಗಲಕೋಟೆ, ಬೆಳಗಾವಿಯ ಎಂಜಿನಿಯರಿಂಗ್ ಕಡೆಯವರಿಗೂ ಒಂದು ಮಾತು. ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ ಉಚಿತವಾಗಿ ಕೊಡುವ ಲೈಸೆನ್ಸ್ ಕಲಿಕೆಗೆ ಮಾತ್ರ. ವಿಭಾಗ ಶುಲ್ಕ ಪಡೆದು ಯಾವುದೋ ಇಲಾಖೆಗೆ ನಕ್ಷೆ ಮಾಡಿಕೊಡುವ ಕನ್ಸಲ್ಟೆನ್ಸಿ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ. ಆ ಕೆಲಸಕ್ಕೆ ಒಂದು ವಾಣಿಜ್ಯ ಲೈಸೆನ್ಸ್ ಬೇರೆಯೇ ಇಟ್ಟುಕೊಳ್ಳಿ, ಅದರ ಖರ್ಚನ್ನು ಕನ್ಸಲ್ಟೆನ್ಸಿ ಶುಲ್ಕದಲ್ಲೇ ಸೇರಿಸಿ. ನಿಮ್ಮ ಪಕ್ಕದ ವಾಣಿಜ್ಯ ವಿಭಾಗದವರು ಟ್ಯಾಲಿ ಕೇಳಿದರೆ, ಅದರ ಎಜುಕೇಶನ್ ಮೋಡ್ ಉಚಿತ ಅಂತ ಹೇಳಿ. ತಿಂಗಳಿನ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಲು ಬರುತ್ತದೆ. ಕಲಿಸುವುದಕ್ಕೆ ಅಷ್ಟು ಸಾಕು.

ಈಗ ದುಡ್ಡು ಮತ್ತು ನಿಯಮ. ನಿಮ್ಮದು ರಾಜ್ಯದ ವಿಶ್ವವಿದ್ಯಾಲಯ ಆಗಿದ್ದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಕಚೇರಿ ಮಾತಿನಲ್ಲಿ ಕೆಟಿಪಿಪಿ. ಒಂದು ಮಿತಿಯೊಳಗಿನ ಖರೀದಿಗೆ ಟೆಂಡರ್ ಬೇಡ, ಕೊಟೇಶನ್ ಸಾಕು. ಅದನ್ನು ಮೀರಿದರೆ ಟೆಂಡರ್, ರಾಜ್ಯದ ಇ-ಸಂಗ್ರಹಣೆ ಪೋರ್ಟಲ್‌ನಲ್ಲಿ. ಆ ಮಿತಿಯನ್ನು ಸರ್ಕಾರ ಆಗಾಗ ಬದಲಿಸುತ್ತದೆ, ಆದ್ದರಿಂದ ಈಗಿನ ಆದೇಶದ ಪ್ರತಿಯನ್ನು ಹಣಕಾಸು ಅಧಿಕಾರಿಗಳಿಂದ ಪಡೆದು ಕಡತದ ಮೇಲ್ಗಡೆಯೇ ಇಡಿ. 2016ರಲ್ಲಿ ಶುರುವಾದ, ಸರ್ಕಾರಿ ಖರೀದಿಗೆ ಅಂತ ಇರುವ ಕೇಂದ್ರದ ಜೆಮ್ ಪೋರ್ಟಲ್‌ನಲ್ಲಿ ಕೊಳ್ಳಬಹುದೇ ಅನ್ನುವುದನ್ನೂ ಅವರ ಹತ್ತಿರವೇ ಬರಹದಲ್ಲಿ ಕೇಳಿ. ದುಡ್ಡು ಕೇಂದ್ರದ ಯೋಜನೆಯದಾಗಿದ್ದರೆ ಮಂಜೂರಾತಿ ಪತ್ರದಲ್ಲೇ ಖರೀದಿ ಹೇಗೆ ಅಂತ ಬರೆದಿರಬಹುದು. ಕೊಂಡರೂ ಕೊಳ್ಳದಿದ್ದರೂ ಜೆಮ್‌ನ ದರ ನೋಡಿಟ್ಟುಕೊಳ್ಳಿ. ಡೀಲರ್ ಎಷ್ಟು ಏರಿಸಿದ್ದಾರೆ ಗೊತ್ತಾಗುತ್ತದೆ.

ಮಾರ್ಚ್ ಹತ್ತಿರ ಬಂದಾಗ ಎಲ್ಲರೂ ಕೊಡುವ ಸಲಹೆ ಒಂದಿದೆ: ಖರೀದಿಯನ್ನು ತುಂಡು ಮಾಡಿ, ಮಿತಿಯೊಳಗೆ ಮೂರು ಬಿಲ್ ಮಾಡಿ. ಬೇಡ. ಒಂದೇ ವಾರದಲ್ಲಿ ಒಂದೇ ಡೀಲರ್‌ನಿಂದ 6, 6, 6 ಕಂಪ್ಯೂಟರ್ ಬಂದಿದ್ದು ಆಡಿಟರ್ ಕಣ್ಣಿಗೆ ಬೀಳದೆ ಇರುವುದಿಲ್ಲ. ಮೂರು ಕೊಟೇಶನ್‌ನಲ್ಲೂ ಒಂದೇ ಕಾಗುಣಿತ ತಪ್ಪು ಇರುವ ಕಡತಗಳೂ ಉಂಟು. ಅವನ್ನು ಯಾರು ಟೈಪ್ ಮಾಡಿಸಿದರು ಅಂತ ಮತ್ತೆ ಹೇಳಬೇಕಾಗಿಲ್ಲ.

ಸ್ಪೆಸಿಫಿಕೇಶನ್ ನೀವೇ ಬರೆಯಿರಿ. ಡೀಲರ್ ಕೊಟ್ಟ ಹಾಳೆ ಕಾಪಿ ಮಾಡಿದರೆ ಅದರಲ್ಲಿ ಅವರ ಮಾಡೆಲ್ ಮಾತ್ರ ಹೊಂದುವ ಒಂದು ಸಾಲು ಎಲ್ಲೋ ಅಡಗಿರುತ್ತದೆ. ಬ್ರ್ಯಾಂಡ್ ಹೆಸರು ಹಾಕಬೇಡಿ. 16 ಜಿಬಿ ರ್‍ಯಾಮ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಟಿಪಿಎಂ 2.0, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಇಷ್ಟು ಇದ್ದರೆ ಅರ್ಥಶಾಸ್ತ್ರದ ಲ್ಯಾಬ್‌ಗೆ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಡ. ಆಸೆಗೆ ಬಿದ್ದು ಐ7 ಬರೆಯಬೇಡಿ, ಆ ಹಣ ವಾರಂಟಿಗೆ ಹಾಕಿ. ಮೂರು ವರ್ಷ ಆನ್‌ಸೈಟ್ ವಾರಂಟಿ ಇರಲಿ, ಐದಾದರೆ ಇನ್ನೂ ಚೆನ್ನ. ಆನ್‌ಸೈಟ್ ಅಂದರೆ ವಿಜಯಪುರಕ್ಕೇ ಬಂದು ರಿಪೇರಿ ಮಾಡಬೇಕು ಅಂತ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ "ಹುಬ್ಬಳ್ಳಿ ಸರ್ವಿಸ್ ಸೆಂಟರಿಗೆ ಕಳಿಸ್ರಿ" ಅನ್ನುತ್ತಾರೆ, ನೀವು ಸಿಪಿಯು ಹೊತ್ತುಕೊಂಡು ಬಸ್ ಹತ್ತಬೇಕಾಗುತ್ತದೆ. ವಾರಂಟಿ ಅಳವಡಿಸಿದ ದಿನದಿಂದ ಶುರುವಾಗಲಿ, ಡಬ್ಬ ಬಂದ ದಿನದಿಂದಲ್ಲ. ವಿದ್ಯುತ್ ಪಾಯಿಂಟ್ ಸಿದ್ಧ ಇಲ್ಲ ಅಂತ ಡಬ್ಬಗಳು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುವುದು ಹೊಸದೇನಲ್ಲ.

ವಿದ್ಯುತ್ ಅಂದಾಗ ನೆನಪಾಯಿತು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಧೂಳು ಬೇರೆ, ಕರೆಂಟ್ ಹೋಗಿ ಬರುವುದು ಇದ್ದೇ ಇದೆ. ಕಂಪ್ಯೂಟರ್, ಮಾನಿಟರ್ ಸೇರಿ ಒಂದಕ್ಕೆ 120 ವ್ಯಾಟ್ ಅಂತ ಹಿಡಿದರೆ 40ಕ್ಕೆ 4,800 ವ್ಯಾಟ್. ಪವರ್ ಫ್ಯಾಕ್ಟರ್ 0.8 ಅಂದುಕೊಂಡರೆ 6 ಕೆವಿಎ. ಸ್ವಲ್ಪ ಜಾಗ ಬಿಟ್ಟು 10 ಕೆವಿಎ ಆನ್‌ಲೈನ್ ಯುಪಿಎಸ್ ಬೇಕು. ಈಗಾಗಲೇ ಇದ್ದರೆ ಬ್ಯಾಟರಿ ಎಷ್ಟು ವರ್ಷದ್ದು ನೋಡಿ. ಎಸಿ, ಲೇಸರ್ ಪ್ರಿಂಟರ್ ಎರಡನ್ನೂ ಯುಪಿಎಸ್‌ಗೆ ಕೊಡಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವಿನ ವೋಲ್ಟೇಜ್ ಅಳೆಸಿ. ಅದು ಎರಡು-ಮೂರು ವೋಲ್ಟ್ ದಾಟಿದ್ದರೆ ಅರ್ಥಿಂಗ್ ಗುಂಡಿ ಸರಿಪಡಿಸಿದ ಮೇಲೆಯೇ ಹೊಸ ಕಂಪ್ಯೂಟರ್ ಜೋಡಿಸಿ.

15 ಲಕ್ಷವನ್ನು ಹೀಗೆ ಹಂಚಬಹುದು. ತೆರಿಗೆ ಸೇರಿ ಒಂದು ಕಂಪ್ಯೂಟರ್ 60 ಸಾವಿರ ಅಂತ ಲೆಕ್ಕಕ್ಕೆ ಹಿಡಿದರೆ 18ಕ್ಕೆ 10.80 ಲಕ್ಷ. ಹತ್ತೋ ಹನ್ನೆರಡೋ ಮಾತ್ರ ಹೊಸದು ತೆಗೆದುಕೊಂಡು, ಉಳಿದವಕ್ಕೆ ಎಸ್‌ಎಸ್‌ಡಿ, ರ್‍ಯಾಮ್ ಹಾಕಿದರೆ ಯುಪಿಎಸ್‌ಗೂ ಲೈಸೆನ್ಸ್‌ಗೂ ಧಾರಾಳವಾಗಿ ಉಳಿಯುತ್ತದೆ. ನಾನಾದರೆ ಹಾಗೆ ಮಾಡುತ್ತೇನೆ. ತೆರಿಗೆ ವಿಷಯದಲ್ಲಿ ಒಂದು ಎಚ್ಚರ. ಸಂಶೋಧನಾ ಸಂಸ್ಥೆಗಳಿಗೆ ಕಂಪ್ಯೂಟರ್, ಸಾಫ್ಟ್‌ವೇರ್ ಮೇಲೆ 5% ಜಿಎಸ್‌ಟಿ ಅನ್ನುವ ರಿಯಾಯಿತಿ ಇತ್ತು. 2022ರ ಜುಲೈ 18ರಿಂದ ಅದು ರದ್ದಾಗಿದೆ, ಈಗ 18%. ಹಳೆಯ ಕಡತ ನೋಡಿ 5% ಲೆಕ್ಕ ಹಾಕಿದರೆ ಬಜೆಟ್ ಸಾಲುವುದಿಲ್ಲ.

ಮಂಜೂರಾತಿ ಪತ್ರದಲ್ಲಿ ಹಣ ಯಾವ ಬಾಬ್ತಿನದು ಅಂತ ಓದಿ. ಒಂದೇ ಸಲದ ಬಂಡವಾಳ ವೆಚ್ಚಕ್ಕೆ ಅಂತ ಬಂದಿದ್ದರೆ ವರ್ಷವರ್ಷ ಕಟ್ಟುವ ಚಂದಾ ಸಾಫ್ಟ್‌ವೇರ್‌ಗೆ ಅದನ್ನು ಹಾಕುವುದು ಕಷ್ಟ. ಹಾಕಿದರೂ ಎರಡನೇ ವರ್ಷ ಯಾರು ಕಟ್ಟುತ್ತಾರೆ? ಅಂಥ ಹಣದಲ್ಲಿ ಶಾಶ್ವತ ಲೈಸೆನ್ಸ್ ಸಿಗುವುದಿದ್ದರೆ ಅದನ್ನೇ ಕೊಳ್ಳಿ. ಚಂದಾ ಆಗಲೇಬೇಕಿದ್ದರೆ ಮುಂದಿನ ವರ್ಷಗಳ ಹಣ ವಿಶ್ವವಿದ್ಯಾಲಯದ ಬಜೆಟ್‌ನಲ್ಲಿ ಬರುತ್ತದೆ ಅನ್ನುವ ಒಪ್ಪಿಗೆ ಕಡತದಲ್ಲಿರಲಿ. ಅವಧಿ ಮುಗಿಯುವ ದಿನ ಮಾರ್ಚ್ 31 ಆಗದಂತೆ ನೋಡಿಕೊಳ್ಳಿ. ಏಪ್ರಿಲ್‌ನಲ್ಲಿ ಹೊಸ ಹಣ ಬಿಡುಗಡೆ ಆಗಿರುವುದಿಲ್ಲ, ಲೈಸೆನ್ಸ್ ಸತ್ತಿರುತ್ತದೆ, ಪರೀಕ್ಷೆ ಎದುರಿಗಿರುತ್ತದೆ. ಆಗಸ್ಟ್ ಕೊನೆಗೆ ಮುಗಿಯುವ ಹಾಗೆ ಹೊಂದಿಸಿಕೊಡಿ ಅಂತ ಡೀಲರ್‌ಗೆ ಕೇಳಿದರೆ ಸಾಮಾನ್ಯವಾಗಿ ಹೊಂದಿಸುತ್ತಾರೆ.

ಸಾಫ್ಟ್‌ವೇರನ್ನೂ ದಾಸ್ತಾನು ವಹಿಗೆ ಹತ್ತಿಸಿ. ಕೈಗೆ ಸಿಗದ ವಸ್ತು ಅಂತ ಬಿಟ್ಟುಬಿಡುತ್ತಾರೆ, ಆಮೇಲೆ ಎಸ್‌ಪಿಎಸ್‌ಎಸ್ ಕಥೆಯೇ. ಹೆಸರು, ಆವೃತ್ತಿ, ಎಷ್ಟು ಜನಕ್ಕೆ, ಯಾವ ಕಂಪ್ಯೂಟರ್‌ಗಳಲ್ಲಿ, ಬಿಲ್ ನಂಬರ್, ಅವಧಿ ಯಾವಾಗ ಮುಗಿಯುತ್ತದೆ, ನೋಂದಾಯಿತ ಇಮೇಲ್ ಯಾವುದು, ಇಷ್ಟು ಒಂದು ಸಾಲಿನಲ್ಲಿ ಇರಲಿ. ಪ್ರಮಾಣಪತ್ರದ ಪ್ರಿಂಟ್ ಕಡತದಲ್ಲಿ, ಪಿಡಿಎಫ್ ವಿಭಾಗದ ಇಮೇಲ್‌ನಲ್ಲಿ. ಕೆಟ್ಟುಹೋದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ದೊಡ್ಡ ಸಂಸ್ಥೆಗಳು ನೋಂದಾಯಿತ ಉತ್ಪಾದಕರು, ದುರಸ್ತಿ ಮಾಡಿ ಮರುಬಳಕೆಗೆ ಕೊಡುವವರು ಅಥವಾ ಸಂಸ್ಕರಣೆದಾರರಿಗೇ ಕೊಡಬೇಕು. ಕೊಡುವ ಮೊದಲು ಡಿಸ್ಕ್ ಪೂರ್ತಿ ಅಳಿಸಿ, ಅದರಲ್ಲಿ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಎಲ್ಲ ಇರುತ್ತವೆ.

ಕೊನೆಗೆ ವಿದ್ಯಾರ್ಥಿಗಳ ಲ್ಯಾಪ್‌ಟಾಪ್. ಲ್ಯಾಬ್‌ಗೆ ಕೊಂಡ ಎಸ್‌ಪಿಎಸ್‌ಎಸ್, ಸ್ಟೇಟಾ ಹಾಕಿಕೊಡುವಂತಿಲ್ಲ, ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಸರಿ. ಕೆಲವು ಕಂಪನಿಗಳು ವಿದ್ಯಾರ್ಥಿಗಳಿಗೆ ಬೇರೆಯೇ ಅಗ್ಗದ ಅಥವಾ ಉಚಿತ ಆವೃತ್ತಿ ಇಟ್ಟಿವೆ, ಅದನ್ನು ಅವರೇ ಕಾಲೇಜಿನ ಇಮೇಲ್‌ನಿಂದ ಪಡೆಯಲಿ. ಮೈಕ್ರೋಸಾಫ್ಟ್‌ನ ಎ3 ಥರದ ಹಣ ಕೊಟ್ಟ ಒಪ್ಪಂದ ನಿಮ್ಮ ವಿಶ್ವವಿದ್ಯಾಲಯಕ್ಕೆ ಇದ್ದರೆ, ಸಿಬ್ಬಂದಿಯ ಲೆಕ್ಕಕ್ಕೆ ಕಟ್ಟಿದ ಹಣದಲ್ಲೇ ವಿದ್ಯಾರ್ಥಿಗಳಿಗೂ ಆಫೀಸ್ ಸಿಗುವ ಸೌಲಭ್ಯ ಇರುತ್ತದೆ. ಗಣಕ ಕೇಂದ್ರದಲ್ಲಿ ಕೇಳಿ, ಎಷ್ಟೋ ಕಡೆ ಇದ್ದೂ ಯಾರೂ ಬಳಸಿರುವುದಿಲ್ಲ. ಗ್ರೆಟ್ಲ್, ಆರ್, ಜಾಸ್ಪ್, ಜಮೋವಿ, ಲಿಬ್ರೆ ಆಫೀಸ್ ಮಾತ್ರ ಎಷ್ಟು ಲ್ಯಾಪ್‌ಟಾಪ್‌ಗಾದರೂ ಹಾಕಿಕೊಡಿ. ಇವನ್ನೆಲ್ಲ ಲ್ಯಾಬ್‌ನ ಒಂದು ಕಂಪ್ಯೂಟರಿನ ಹಂಚಿಕೆ ಫೋಲ್ಡರ್‌ನಲ್ಲಿ ಇಟ್ಟುಬಿಡಿ. ಹಾಸ್ಟೆಲ್‌ನಲ್ಲಿ ಮೊಬೈಲ್ ಡೇಟಾ ಸುಟ್ಟು ಡೌನ್‌ಲೋಡ್ ಮಾಡುವುದು ಅವರಿಗೆ ತಪ್ಪುತ್ತದೆ.